ಪದಚರ್ಚೆ: ‘ಸಿಆರ್‌ಎಚ್’ಗೆ ಕನ್ನಡದಲ್ಲಿ ಏನೆನ್ನಬೇಕು? ‘ಒತ್ತಡದ ಹಾರ್ಮೋನು’ ಎಂದರೆ ಯಾವುದು?

ಪ್ರಶ್ನೆ

ಬಲ್ಲವರಿಗೆಲ್ಲ ನಮಸ್ಕಾರ.

ಹಾರ್ಮೋನುಗಳ ಕುರಿತ ಒಂದು ಆರೋಗ್ಯ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಓದುವವರು ವೈದ್ಯರಲ್ಲ, ರೋಗಿಗಳು, ಅವರ ಮನೆಯವರು, ನರ್ಸಿಂಗ್ ಕಲಿಯುತ್ತಿರುವವರು. ಕರಡಿನಲ್ಲಿ ಹೀಗೊಂದು ವಾಕ್ಯವಿದೆ:

“ಮಾನಸಿಕ ಒತ್ತಡ ಉಂಟಾದಾಗ ಹೈಪೊಥಲಾಮಸ್ ಗ್ರಂಥಿಯು ಕಾರ್ಟಿಕೊಟ್ರೋಪಿನ್ ಬಿಡುಗಡೆ ಹಾರ್ಮೋನನ್ನು ಬಿಡುಗಡೆ ಮಾಡಿ, ಮೂತ್ರಜನಕಾಂಗದ ಗ್ರಂಥಿಯಿಂದ ಒತ್ತಡದ ಹಾರ್ಮೋನು ಬಿಡುಗಡೆಯಾಗುವಂತೆ ಮಾಡುತ್ತದೆ, ನಂತರ ನಕಾರಾತ್ಮಕ ಪ್ರತಿಕ್ರಿಯೆಯಿಂದ ಅದು ಕಡಿಮೆಯಾಗುತ್ತದೆ.”

ಓದಿದರೆ ಏನೋ ತೊಡಕು ಎನಿಸುತ್ತದೆ, ಎಲ್ಲಿ ಎಂದು ತಿಳಿಯುತ್ತಿಲ್ಲ. ‘ಬಿಡುಗಡೆ ಹಾರ್ಮೋನು’ ಎನ್ನಬಹುದೇ? ಇದನ್ನೇ ಕೆಲವು ಕಡೆ ಸಿಆರ್‌ಎಚ್ (ಕಾರ್ಟಿಕೊಟ್ರೋಪಿನ್ ರಿಲೀಸಿಂಗ್ ಹಾರ್ಮೋನ್) ಎಂದೂ ಕೆಲವು ಕಡೆ ಸಿಆರ್‌ಎಫ್ (ಕೊನೆಯಲ್ಲಿ ಹಾರ್ಮೋನ್ ಬದಲು ಫ್ಯಾಕ್ಟರ್) ಎಂದೂ ಬರೆಯುತ್ತಾರೆ, ಎರಡೂ ಒಂದೆಯೇ? ‘ಒತ್ತಡದ ಹಾರ್ಮೋನು’ ಎಂದು ಪತ್ರಿಕೆಗಳು ಬರೆಯುವುದು ಇದನ್ನೋ ಇನ್ನೊಂದನ್ನೋ? ಕೊನೆಯದಾಗಿ, ಹಾರ್ಮೋನಿಗೆ ‘ಚೋದಕ’ ಎಂಬ ಒಳ್ಳೆಯ ಪದ ಇರುವಾಗ ಅದನ್ನೇ ಬಳಸಬಾರದೇಕೆ?

ಉತ್ತರ

ನಮಸ್ಕಾರ. ನೀವು ಕೊಟ್ಟ ವಾಕ್ಯವನ್ನೇ ಬಿಡಿಸಿ ನೋಡೋಣ. ತೊಡಕೆಲ್ಲ ಅದರೊಳಗೇ ಇದೆ.

‘ಬಿಡುಗಡೆ’ ಮೂರು ಸಲ ಬಂದಿದೆ. ಮೊದಲನೆಯದು ಹೆಸರಿನ ಭಾಗ, ಎರಡನೆಯದು ಮೆದುಳು ಮಾಡುವ ಕೆಲಸ, ಮೂರನೆಯದು ಹೊಟ್ಟೆಯೊಳಗಿನ ಗ್ರಂಥಿಯಲ್ಲಿ ಆಗುವ ಕೆಲಸ. ಒಂದೇ ಪದ ಮೂರು ಕಡೆ ದುಡಿಯುತ್ತಿರುವುದರಿಂದ, ನಡುವಿನ ಒಂದು ಮೆಟ್ಟಿಲು ಪೂರ್ತಿ ಬಿಟ್ಟುಹೋದದ್ದು ಕಣ್ಣಿಗೆ ಬೀಳುವುದಿಲ್ಲ. ವಾಕ್ಯದಲ್ಲಿ ಮೆದುಳಿನ ಕೆಳಗಿರುವ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿ ಇಲ್ಲ, ಅದು ಬಿಡುವ ಎಸಿಟಿಎಚ್ ಎಂಬ ಹಾರ್ಮೋನು ಇಲ್ಲ. (ಕಾರ್ಟಿಕೊಟ್ರೋಪಿನ್ ಎಂಬುದು ಎಸಿಟಿಎಚ್‌ಗೇ ಇನ್ನೊಂದು ಹೆಸರು.) ಸಿಆರ್‌ಎಚ್ ನೇರವಾಗಿ ಅಡ್ರಿನಲ್ ಗ್ರಂಥಿಗೆ (ಕರಡಿನಲ್ಲಿ ‘ಮೂತ್ರಜನಕಾಂಗದ ಗ್ರಂಥಿ’ ಎಂದಿರುವುದು ಇದೇ) ಹೋಗಿ ಕೆಲಸ ಮಾಡುತ್ತದೆ ಎಂದು ಓದುಗ ತಿಳಿಯುತ್ತಾನೆ. ಅದು ತಪ್ಪು.

ನಡೆಯುವುದು ಹೀಗೆ. ಮೆದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್‌ನ ಕೆಲವು ನರಕೋಶಗಳು ಸಿಆರ್‌ಎಚ್ ಅನ್ನು ತಯಾರಿಸುತ್ತವೆ. ಇದು 41 ಅಮೈನೊ ಆಮ್ಲಗಳ ಒಂದು ಪುಟ್ಟ ಸರಪಳಿ, ಅಂದರೆ ಪೆಪ್ಟೈಡ್. ಹೈಪೊಥಲಾಮಸ್‌ನಿಂದ ಪಿಟ್ಯುಟರಿಗೆ ಹೋಗುವ ಕಿರು ರಕ್ತನಾಳಗಳ ಜಾಲವೊಂದಿದೆ. ಸಿಆರ್‌ಎಚ್ ಆ ದಾರಿಯಲ್ಲೇ ಇಳಿದು ಪಿಟ್ಯುಟರಿಯ ಮುಂಭಾಗಕ್ಕೆ ಸೇರುತ್ತದೆ. ಅಲ್ಲಿನ ಕೋಶಗಳು ಎಸಿಟಿಎಚ್ ಅನ್ನು ರಕ್ತಕ್ಕೆ ಬಿಡುತ್ತವೆ. ಅದೂ ಪೆಪ್ಟೈಡ್, 39 ಅಮೈನೊ ಆಮ್ಲಗಳದ್ದು. ಎಸಿಟಿಎಚ್ ರಕ್ತದ ಜೊತೆ ಸಾಗಿ, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳ ಹೊರಪದರಕ್ಕೆ ತಲುಪಿದಾಗ ಕಾರ್ಟಿಸಾಲ್ ಹೊರಬೀಳುತ್ತದೆ. ಕಾರ್ಟಿಸಾಲ್ ಪೆಪ್ಟೈಡ್ ಅಲ್ಲ, ಸ್ಟೀರಾಯ್ಡ್, ಅಂದರೆ ಕೊಲೆಸ್ಟರಾಲ್‌ನಿಂದ ತಯಾರಾಗುವ ಬಗೆಯದು. ಮೂರು ಜಾಗ, ಮೂರು ವಸ್ತು. ಕನ್ನಡದ ಹೆಸರು ಯಾವುದೇ ಇರಲಿ, ಈ ಮೂರನ್ನು ಬೇರೆ ಬೇರೆಯಾಗಿ ತೋರಿಸಬೇಕು. ಮಿಕ್ಕ ಸೊಗಸೆಲ್ಲ ಆಮೇಲಿನದು.

ಈಗ ‘ಬಿಡುಗಡೆ ಹಾರ್ಮೋನು’. ಇದನ್ನು ಕೇಳಿದವರು ‘ಬಿಡುಗಡೆಯಾದ ಹಾರ್ಮೋನು’ ಎಂದುಕೊಳ್ಳುತ್ತಾರೆ. ಮೂಲದಲ್ಲಿರುವುದು ಬಿಡುಗಡೆ ಮಾಡಿಸುವ ಅರ್ಥ. ಹಾಗಾದರೆ ‘ಎಸಿಟಿಎಚ್ ಬಿಡುಗಡೆ ಮಾಡುವ ಹಾರ್ಮೋನು’ ಎಂದು ಬಿಡಿಸಿ ಬರೆದರೆ ಸಾಕೇ? ಸಾಲದು. ಇಲ್ಲಿ ಕನ್ನಡದ ವ್ಯಾಕರಣವೇ ಒಂದು ಹಳ್ಳ ತೋಡಿಟ್ಟಿದೆ. ‘ಹುಲಿ ಕೊಂದ ಹುಡುಗ’ ಎಂದರೆ ಸತ್ತವರು ಯಾರು? ಹುಲಿ ಹುಡುಗನನ್ನು ಕೊಂದಿರಬಹುದು, ಹುಡುಗ ಹುಲಿಯನ್ನು ಕೊಂದಿರಬಹುದು. ವಿಭಕ್ತಿ ಪ್ರತ್ಯಯ ಬಿಟ್ಟರೆ ಎರಡೂ ಅರ್ಥ ಒಂದೇ ರೂಪದಲ್ಲಿ ಅಡಗುತ್ತವೆ. ‘ಎಸಿಟಿಎಚ್ ಬಿಡುಗಡೆ ಮಾಡುವ ಹಾರ್ಮೋನು’ ಕೂಡ ಹಾಗೆಯೇ. ಎಸಿಟಿಎಚ್ ಯಾವುದೋ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ ಎಂದು ಓದಿದರೆ ಉತ್ತರ ಕಾರ್ಟಿಸಾಲ್. ಎಸಿಟಿಎಚ್ ಅನ್ನು ಬಿಡುಗಡೆ ಮಾಡುವುದು ಎಂದು ಓದಿದರೆ ಉತ್ತರ ಸಿಆರ್‌ಎಚ್. ಸಾಲಿನ ತುದಿಯಲ್ಲಿರುವುದಕ್ಕೂ ಮೊದಲಿನಲ್ಲಿರುವುದಕ್ಕೂ ಒಂದೇ ಹೆಸರಾಯಿತು! ಸಾಮಾನ್ಯ ಮಾತಿನಲ್ಲಿ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಗೊತ್ತಿಲ್ಲದ ವಿಷಯವನ್ನು ಮೊದಲ ಸಲ ಓದುವವರಿಗೆ ಆ ಸಂದರ್ಭವೇ ಇರುವುದಿಲ್ಲ.

ಆದ್ದರಿಂದ ‘ಅನ್ನು’ ಬಿಡಬೇಡಿ. ‘ಎಸಿಟಿಎಚ್ ಅನ್ನು ಹೊರಡಿಸುವ ಹಾರ್ಮೋನು’ ಎಂದು ಬರೆಯುವಂತೆ ಸಲಹೆ ಕೊಡುತ್ತೇನೆ. ‘ಹೊರಡಿಸು’ ಎಂಬುದರಲ್ಲಿಯೇ ಮಾಡಿಸುವ ಅರ್ಥ ಇದೆ. ‘ಆಜ್ಞೆ ಹೊರಡಿಸು’ ಎಂಬ ಬಳಕೆಯಿಂದಾಗಿ ಮೇಲಿನಿಂದ ಕೆಳಕ್ಕೆ ಅಪ್ಪಣೆ ಇಳಿಯುವ ಸೂಚನೆಯೂ ಸಿಗುತ್ತದೆ. ಇದನ್ನು ಮೊದಲ ಸಲ ವಿವರಣೆಯಾಗಿ ಕೊಟ್ಟು, ಮುಂದೆ ಎಲ್ಲೆಡೆ ‘ಸಿಆರ್‌ಎಚ್’ ಎಂದಷ್ಟೇ ಬರೆಯಿರಿ. ರೋಗಿಯ ಕೈಗೆ ಬರುವ ಚೀಟಿಯಲ್ಲಿ, ಲ್ಯಾಬ್ ವರದಿಯಲ್ಲಿ ಇರುವುದು ಆ ಅಕ್ಷರಗಳೇ. ನಾವು ಕಟ್ಟಿದ ಹೊಸ ಹೆಸರನ್ನು ಹಿಡಿದುಕೊಂಡು ಅವರು ವರದಿಯಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ಸಿಆರ್‌ಎಚ್, ಸಿಆರ್‌ಎಫ್ ಎರಡೂ ಒಂದೇ ವಸ್ತು. ಹೆಸರು ಎರಡಾದದ್ದರ ಹಿಂದೆ ಚರಿತ್ರೆ ಇದೆ. 1955ರಲ್ಲಿ ವಿಜ್ಞಾನಿಗಳಾದ ಗಿಯ್ಮ್ಯಾ ಮತ್ತು ರೋಸನ್‌ಬರ್ಗ್ ಒಂದು ಕಡೆ, ಸಫ್ರಾನ್ ಮತ್ತು ಶಾಲಿ ಇನ್ನೊಂದು ಕಡೆ, ಹೈಪೊಥಲಾಮಸ್‌ನ ಸಾರದಲ್ಲಿ ಎಸಿಟಿಎಚ್ ಅನ್ನು ಹೊರಡಿಸುವ ಏನೋ ಒಂದು ಇದೆ ಎಂದು ತೋರಿಸಿದರು. ಅದು ಏನೆಂದು ರಾಸಾಯನಿಕವಾಗಿ ತಿಳಿದಿರಲಿಲ್ಲ. ಹಾಗಾಗಿ ‘ಫ್ಯಾಕ್ಟರ್’ ಎಂದರು. ಹುಡುಕಿದ್ದು ಮೊದಲು ಇದನ್ನೇ ಆದರೂ ಕೈಗೆ ಸಿಕ್ಕಿದ್ದು ಬೇರೆ ಪೆಪ್ಟೈಡ್‌ಗಳು. ಗಿಯ್ಮ್ಯಾ ಮತ್ತು ಶಾಲಿ ಅವುಗಳಿಗಾಗಿ 1977ರ ನೊಬೆಲ್ ಬಹುಮಾನವನ್ನು ರೊಸಾಲಿನ್ ಯಾಲೊ ಜೊತೆ ಹಂಚಿಕೊಂಡರು. ಸಿಆರ್‌ಎಚ್‌ನ ರಚನೆ ತಿಳಿದದ್ದು 1981ರಲ್ಲಿ, ವೈಲಿ ವೇಲ್ ಮತ್ತು ಸಂಗಡಿಗರು ಕುರಿಯ ಹೈಪೊಥಲಾಮಸ್‌ನಿಂದ ಅದನ್ನು ಬೇರ್ಪಡಿಸಿದಾಗ. ರಚನೆ ತಿಳಿದ ಮೇಲೆ ‘ಫ್ಯಾಕ್ಟರ್’ ಹೋಗಿ ‘ಹಾರ್ಮೋನ್’ ಬರುವುದು ರೂಢಿ. ಅಂತಃಸ್ರಾವ ತಜ್ಞರು, ಅಂದರೆ ಹಾರ್ಮೋನು ತಜ್ಞರು, ಬದಲಾಯಿಸಿಕೊಂಡರು, ನರವಿಜ್ಞಾನಿಗಳಲ್ಲಿ ಬಹಳ ಮಂದಿ ಹಳೆಯದನ್ನೇ ಉಳಿಸಿಕೊಂಡರು. ಅವರ ಪಟ್ಟಿನಲ್ಲಿ ಅರ್ಥವಿದೆ: ಇದೇ ಪೆಪ್ಟೈಡ್ ಮೆದುಳಿನ ಅಮಿಗ್ಡಲಾದಂಥ ಭಾಗಗಳಲ್ಲಿ ನರಕೋಶದಿಂದ ನರಕೋಶಕ್ಕೆ ಸಂದೇಶ ದಾಟಿಸುತ್ತದೆ, ಭಯ ಆತಂಕಗಳಲ್ಲಿ ಪಾಲು ಪಡೆಯುತ್ತದೆ. ಅಲ್ಲಿ ಅದು ರಕ್ತಕ್ಕೆ ಇಳಿಯುವುದೂ ಇಲ್ಲ, ಎಸಿಟಿಎಚ್ ಅನ್ನು ಹೊರಡಿಸುವುದೂ ಇಲ್ಲ. ಹಾರ್ಮೋನು ಎಂಬ ಹೆಸರೇ ಅಲ್ಲಿ ಸರಿಹೊಂದದು.

ಆದರೆ ಕನ್ನಡದಲ್ಲಿ ಸಿಆರ್‌ಎಫ್ ಅನ್ನು ‘ಬಿಡುಗಡೆ ಅಂಶ’ ಎಂದು ಮಾತ್ರ ಬರೆಯಬೇಡಿ. ನಮಗೆ ‘ಅಂಶ’ ಎಂದರೆ ಕೊಬ್ಬಿನ ಅಂಶ, ಸಕ್ಕರೆಯ ಅಂಶ. ಯಾವುದೋ ಪದಾರ್ಥದಲ್ಲಿ ಬೆರೆತಿರುವ ಪಾಲು. ಅಕ್ಷರಗಳನ್ನೇ ಬಳಸಿ, ‘ಸಿಆರ್‌ಎಚ್‌ಗೆ ಸಿಆರ್‌ಎಫ್ ಎಂಬ ಹಳೆಯ ಹೆಸರೂ ಇದೆ’ ಎಂದು ಒಂದು ಸಾಲು ಸೇರಿಸಿ.

ಇನ್ನು ‘ಒತ್ತಡದ ಹಾರ್ಮೋನು’. ಪತ್ರಿಕೆಗಳಲ್ಲಿ ಇದು ಹತ್ತಕ್ಕೆ ಒಂಬತ್ತು ಸಲ ಕಾರ್ಟಿಸಾಲ್. ಒಮ್ಮೊಮ್ಮೆ ಅಡ್ರಿನಲಿನ್. ಅಡ್ರಿನಲಿನ್ ಅದೇ ಗ್ರಂಥಿಯ ಒಳತಿರುಳಿನಿಂದ, ನರದ ಅಪ್ಪಣೆಯಿಂದ, ಸೆಕೆಂಡುಗಳಲ್ಲಿ ಬರುತ್ತದೆ; ಎದೆ ಬಡಿತ ಏರುವುದು ಅದರಿಂದ. ಕಾರ್ಟಿಸಾಲ್ ಮೂರು ಮೆಟ್ಟಿಲು ಇಳಿದು ಬರುವುದರಿಂದ ಏರಲು ನಿಮಿಷಗಟ್ಟಲೆ ಬೇಕು. ಸಿಆರ್‌ಎಚ್ ಅನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ, ಆದರೆ ಅಪ್ಪಣೆ ಮೊದಲು ಹೊರಡುವುದು ಅಲ್ಲಿಂದ. ಕೈಪಿಡಿಯಲ್ಲಿ ‘ಒತ್ತಡದ ಹಾರ್ಮೋನು’ ಎಂಬುದನ್ನು ಯಾವ ಒಂದು ವಸ್ತುವಿನ ಹೆಸರಾಗಿಯೂ ಬಳಸದಿರುವುದೇ ಒಳ್ಳೆಯದು.

‘ಒತ್ತಡ’ ಎಂಬ ಪದದ್ದೇ ಇನ್ನೊಂದು ತೊಂದರೆ. ನಮ್ಮಲ್ಲಿ ಇದು ರಕ್ತದೊತ್ತಡಕ್ಕೂ ಸಲ್ಲುತ್ತದೆ. ‘ಒತ್ತಡ ಹೆಚ್ಚಾದಾಗ ಈ ಹಾರ್ಮೋನು ಏರುತ್ತದೆ’ ಎಂದು ಬರೆದರೆ ಬಿಪಿ ಮಾತ್ರೆ ನುಂಗುವವರು ಅದನ್ನು ಬಿಪಿ ಎಂದೇ ಓದುತ್ತಾರೆ. ವಾಸ್ತವದಲ್ಲಿ ರಕ್ತದೊತ್ತಡ ದಿಢೀರನೆ ಕುಸಿದಾಗಲೂ ಇದು ಏರುತ್ತದೆ. ಓದುಗನಿಗೆ ತಲುಪಿದ್ದು ತಿರುವು ಮುರುವು. ಹಾಗೆಂದು ನಿಮ್ಮ ಕರಡಿನಂತೆ ‘ಮಾನಸಿಕ’ ಎಂದು ಸೇರಿಸಿದರೂ ಸರಿಯಾಗದು. ಒತ್ತಡದ ಕುರಿತ ಸಂಶೋಧನೆಗೆ ಹೆಸರಾದ ಹ್ಯಾನ್ಸ್ ಸೆಲಿಯೆ 1936ರಲ್ಲಿ ವರ್ಣಿಸಿದ್ದು ಗಾಯ, ಚಳಿ, ವಿಷ, ಅತಿ ದಣಿವು ಇಂಥವುಗಳಿಗೆಲ್ಲ ದೇಹ ಕೊಡುವ ಒಂದೇ ತರದ ಉತ್ತರವನ್ನು. ಜ್ವರ, ಶಸ್ತ್ರಚಿಕಿತ್ಸೆ, ರಕ್ತಸ್ರಾವ, ರಕ್ತದಲ್ಲಿ ಸಕ್ಕರೆ ಇಳಿಯುವುದು ಎಲ್ಲವೂ ಸಿಆರ್‌ಎಚ್ ಅನ್ನು ಎಬ್ಬಿಸುತ್ತವೆ. ‘ಮೈಗಾಗಲಿ ಮನಸ್ಸಿಗಾಗಲಿ ಬಂದ ಒತ್ತಡ’ ಎಂದು ಒಮ್ಮೆ ಹೇಳಿ, ಜ್ವರ ಮತ್ತು ಶಸ್ತ್ರಚಿಕಿತ್ಸೆಯ ಉದಾಹರಣೆ ಕೊಡಿ. ಇದು ಬರೀ ಪದದ ಮಡಿವಂತಿಕೆಯಲ್ಲ. ಮುಂದೆ ಸ್ಟೀರಾಯ್ಡ್ ಮಾತ್ರೆಯ ವಿಷಯ ಬಂದಾಗ ಇದೇ ವ್ಯತ್ಯಾಸದ ಮೇಲೆ ಜೀವ ನಿಂತಿರುತ್ತದೆ.

‘ಹೈಪೊಥಲಾಮಸ್ ಗ್ರಂಥಿ’ ಬೇಡ. ಅದು ಮೆದುಳಿನ ಒಂದು ಭಾಗ, ಗ್ರಂಥಿಯಲ್ಲ. ‘ಮೂತ್ರಜನಕಾಂಗದ ಗ್ರಂಥಿ’ ಅದಕ್ಕಿಂತ ದೊಡ್ಡ ತಪ್ಪು. ಮೂತ್ರಜನಕಾಂಗ ಎಂದರೆ ಕಿಡ್ನಿ. ಅದರ ಗ್ರಂಥಿ ಎಂದರೆ ಕಿಡ್ನಿಯದೇ ಒಂದು ಭಾಗ ಎಂದಾಗುತ್ತದೆ. ‘ಮೂತ್ರಜನಕಾಂಗದ ಗ್ರಂಥಿ ಕೆಲಸ ಮಾಡುತ್ತಿಲ್ಲ’ ಎಂದು ಓದಿದವರು ಡಯಾಲಿಸಿಸ್ ಬೇಕಾಗುತ್ತದೆಯೇ ಎಂದು ಕೇಳುತ್ತಾರೆ. ಕಿಡ್ನಿಗೂ ಅಡ್ರಿನಲ್‌ಗೂ ಇರುವುದು ನೆರೆಹೊರೆಯ ನಂಟು ಮಾತ್ರ. ‘ಅಡ್ರಿನಲ್ ಗ್ರಂಥಿ’ ಎಂದೇ ಇರಲಿ. ಅದರ ಕಾರ್ಟೆಕ್ಸ್‌ಗೆ ‘ಹೊರಪದರ’ ಸಾಕು. ಮೂಲ ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಮರದ ತೊಗಟೆ ಎಂದರ್ಥ. ಕಾರ್ಟಿಸಾಲ್, ಕಾರ್ಟಿಕೊಟ್ರೋಪಿನ್ ಎರಡರ ತಲೆಯಲ್ಲೂ ಕೂತಿರುವುದು ಆ ತೊಗಟೆಯೇ. ಕೊನೆಯ ಭಾಗವನ್ನು ‘ಟ್ರೋಪಿನ್’ ಎಂದೂ ‘ಟ್ರೋಫಿನ್’ ಎಂದೂ ಬರೆಯುವುದುಂಟು. ಗ್ರೀಕಿನಲ್ಲಿ ಮೊದಲನೆಯದು ತಿರುಗುವುದಕ್ಕೆ, ಎರಡನೆಯದು ಪೋಷಣೆಗೆ ಸಂಬಂಧಿಸಿದ್ದು. ಎಸಿಟಿಎಚ್ ಎರಡನ್ನೂ ಮಾಡುತ್ತದೆ: ಹೊರಪದರದತ್ತ ತಿರುಗಿ ಅದನ್ನು ದುಡಿಸುತ್ತದೆ, ಅದು ಸೊರಗದಂತೆ ಕಾಯುತ್ತದೆ. ಕೈಪಿಡಿಯಲ್ಲಿ ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೆ ಬದಲಾಯಿಸದಿದ್ದರೆ ಆಯಿತು.

ಈ ಪೋಷಣೆಯ ಮಾತು ‘ನಕಾರಾತ್ಮಕ ಪ್ರತಿಕ್ರಿಯೆ’ಗೆ ತಂದು ನಿಲ್ಲಿಸುತ್ತದೆ. ಆ ಪದಪುಂಜವನ್ನು ದಯವಿಟ್ಟು ತೆಗೆದುಬಿಡಿ. ನಮ್ಮ ಕಿವಿಗೆ ಅದು ಯಾರೋ ಕೆಟ್ಟದಾಗಿ ಉತ್ತರ ಕೊಟ್ಟಂತೆ ಕೇಳಿಸುತ್ತದೆ, ಮದ್ದು ಮೈಗೆ ಒಗ್ಗದೆ ಹೋದಂತೆಯೂ ಕೇಳಿಸುತ್ತದೆ. ಇಲ್ಲಿ ಆಗುವುದು ಇಷ್ಟು: ಕಾರ್ಟಿಸಾಲ್ ಸಾಕಷ್ಟು ಏರಿದ ಮೇಲೆ ಅದೇ ಹಿಂದಿರುಗಿ ಹೈಪೊಥಲಾಮಸ್‌ಗೂ ಪಿಟ್ಯುಟರಿಗೂ ‘ಸಾಕು’ ಎನ್ನುತ್ತದೆ, ಸಿಆರ್‌ಎಚ್, ಎಸಿಟಿಎಚ್ ಎರಡೂ ಇಳಿಯುತ್ತವೆ. ಇಂಥ ‘ಫೀಡ್‌ಬ್ಯಾಕ್’ಗೆ ‘ಹಿಮ್ಮಾಹಿತಿ’ ಎಂಬ ಪದ ಬಳಕೆಯಲ್ಲಿದೆ. ‘ತಡೆಯುವ ಹಿಮ್ಮಾಹಿತಿ’ ಎಂದರೆ ಒಳ್ಳೆಯದು ಕೆಟ್ಟದ್ದರ ವಾಸನೆ ಇರುವುದಿಲ್ಲ. ಆರೋಗ್ಯವಂತರಲ್ಲಿ ಈ ತಡೆ ದಿನವಿಡೀ ನಡೆಯುತ್ತದೆ. ಇದರ ಜೊತೆಗೆ ದೇಹದ ಒಳಗಡಿಯಾರದ ಲಯಕ್ಕೆ ತಕ್ಕಂತೆ ಕಾರ್ಟಿಸಾಲ್ ಬೆಳಗ್ಗೆ ಏಳುವ ಹೊತ್ತಿಗೆ ತುದಿ ಮುಟ್ಟಿ, ನಡುರಾತ್ರಿಯ ಹೊತ್ತಿಗೆ ತಳಕ್ಕೆ ಇಳಿಯುತ್ತದೆ.

ಹೊರಗಿನಿಂದ ಸ್ಟೀರಾಯ್ಡ್ ಕೊಟ್ಟಾಗಲೂ ಇದೇ ತಡೆ ಕೆಲಸ ಮಾಡುತ್ತದೆ. ಪ್ರೆಡ್ನಿಸೊಲೋನ್ ಮಾತ್ರೆಯನ್ನು ಮೂರು ನಾಲ್ಕು ವಾರ ಮೀರಿ, ದೇಹದ ಸಹಜ ಅಗತ್ಯಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡರೆ ಸಿಆರ್‌ಎಚ್ ಮತ್ತು ಎಸಿಟಿಎಚ್ ಹತ್ತಿಕ್ಕಲ್ಪಡುತ್ತವೆ. ಪೋಷಿಸುವ ಎಸಿಟಿಎಚ್ ಇಲ್ಲದೆ ಅಡ್ರಿನಲ್ ಹೊರಪದರ ಸೊರಗುತ್ತದೆ. ಆಗ ಮಾತ್ರೆಯನ್ನು ಒಮ್ಮೆಗೇ ಬಿಟ್ಟರೆ ದೇಹದಲ್ಲಿ ಕಾರ್ಟಿಸಾಲ್ ತಯಾರಿಸುವವರೇ ಇರುವುದಿಲ್ಲ. ಚೇತರಿಕೆಗೆ ವಾರಗಳು, ಕೆಲವರಲ್ಲಿ ತಿಂಗಳುಗಳು ಬೇಕು. ಅನುವಾದಗಳಲ್ಲಿ ‘ತಕ್ಷಣ ನಿಲ್ಲಿಸಬೇಡಿ’ ಎಂದು ಇರುತ್ತದೆ. ಅದನ್ನು ‘ಇವತ್ತು ಬೇಡ, ನಾಲ್ಕು ದಿನ ಬಿಟ್ಟು ನಿಲ್ಲಿಸಬಹುದು’ ಎಂದು ಅರ್ಥ ಮಾಡಿಕೊಳ್ಳಲು ಅವಕಾಶವಿದೆ. ‘ಒಮ್ಮೆಗೇ ನಿಲ್ಲಿಸಬೇಡಿ, ವೈದ್ಯರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ’ ಎಂದು ಬರೆಯಿರಿ. ಅಡ್ರಿನಲ್ ಸೋತವರಿಗೆ ಜ್ವರ ಬಂದರೆ ಹೈಡ್ರೊಕಾರ್ಟಿಸೋನ್ (ಮದ್ದಿನ ರೂಪದ ಕಾರ್ಟಿಸಾಲ್) ಪ್ರಮಾಣವನ್ನು ಎರಡು ಮೂರು ಪಟ್ಟು ಏರಿಸಬೇಕಾಗುತ್ತದೆ, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ ಬೇಕು. ಅದಕ್ಕೆ ‘ಒತ್ತಡದ ಡೋಸ್’ ಎಂಬ ಹೆಸರಿದೆ. ಕೈಪಿಡಿಯಲ್ಲಿ ‘ಒತ್ತಡ’ ಎಂದರೆ ಮನಸ್ಸಿನದು ಎಂದು ಮೊದಲೇ ಹೇಳಿಬಿಟ್ಟಿದ್ದರೆ, ‘ನನಗೆ ಚಿಂತೆಯೇನೂ ಇಲ್ಲ, ಬರೀ ಜ್ವರ’ ಎಂದು ಓದುಗ ಹಳೆಯ ಪ್ರಮಾಣದಲ್ಲೇ ಉಳಿಯುತ್ತಾನೆ. ಅದು ಪ್ರಾಣಾಪಾಯ. ಆದ್ದರಿಂದ ‘ಕಾಯಿಲೆ ದಿನದ ಡೋಸ್’ ಎನ್ನಿ.

ಪೆಪ್ಟೈಡ್ ಎಂಬ ಪದವನ್ನು ಕನ್ನಡಿಸುವ ಗೋಜಿಗೆ ಹೋಗಬೇಡಿ, ಆದರೆ ಅರ್ಥ ಹೇಳದೆ ಬಿಡಬೇಡಿ. ಪೆಪ್ಟೈಡ್ ಆದದ್ದರಿಂದಲೇ ಸಿಆರ್‌ಎಚ್ ಮತ್ತು ಎಸಿಟಿಎಚ್ ಅನ್ನು ಮಾತ್ರೆಯಾಗಿ ನುಂಗಲು ಬರುವುದಿಲ್ಲ. ಹೊಟ್ಟೆಯಲ್ಲಿ ಬೇರೆ ಪ್ರೋಟೀನಿನಂತೆ ಅವೂ ಜೀರ್ಣವಾಗಿಬಿಡುತ್ತವೆ. ಇಂಜೆಕ್ಷನ್ನೇ ಗತಿ. ಸ್ಟೀರಾಯ್ಡ್ ಆದ ಹೈಡ್ರೊಕಾರ್ಟಿಸೋನ್ ಮಾತ್ರೆಯಾಗಿ ನಡೆಯುತ್ತದೆ. ಪರೀಕ್ಷೆಗೆ ರಕ್ತ ತೆಗೆಯುವಾಗಲೂ ಇದೇ ಗುಣ ಕಾಡುತ್ತದೆ. ಎಸಿಟಿಎಚ್ ರಕ್ತದಲ್ಲಿ ಸುಮಾರು 10 ನಿಮಿಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕೊಳವೆಯೊಳಗೂ ಕಿಣ್ವಗಳು ಅದನ್ನು ಕತ್ತರಿಸುತ್ತಲೇ ಇರುತ್ತವೆ. ಹಾಗಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಕೊಳವೆಯಲ್ಲಿ ತೆಗೆದು, ಐಸ್‌ನಲ್ಲಿಟ್ಟು, ತಣ್ಣಗಿರುವ ಸೆಂಟ್ರಿಫ್ಯೂಜ್‌ನಲ್ಲಿ ಬೇಗ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಬೇಕು. ಕೊಳವೆ ಮೇಜಿನ ಮೇಲೆ ಗಂಟೆಗಟ್ಟಲೆ ಬಿದ್ದಿದ್ದರೆ ಎಸಿಟಿಎಚ್ ಸುಳ್ಳಾಗಿ ಕಡಿಮೆ ಕಾಣುತ್ತದೆ, ಪಿಟ್ಯುಟರಿಯ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುವವರಲ್ಲಿ, ಬಯೋಟಿನ್ ಅಂಟಿಕೊಳ್ಳುವ ಗುಣವನ್ನೇ ನೆಚ್ಚಿ ಅಳೆಯುವ ಕೆಲವು ಯಂತ್ರಗಳು ಎಸಿಟಿಎಚ್ ಅನ್ನು ಕಡಿಮೆಯಾಗಿಯೂ ಕಾರ್ಟಿಸಾಲ್ ಅನ್ನು ಹೆಚ್ಚಾಗಿಯೂ ತೋರಿಸಬಲ್ಲವು. ಸಿಆರ್‌ಎಚ್ ಅನ್ನಂತೂ ರಕ್ತದಲ್ಲಿ ಅಳೆಯುವ ರೂಢಿಯೇ ಇಲ್ಲ. ಪಿಟ್ಯುಟರಿಯ ಆ ಕಿರು ನಾಳಗಳಲ್ಲಿ ಅದು ಗಟ್ಟಿಯಾಗಿರುತ್ತದೆ, ತೋಳಿನ ರಕ್ತಕ್ಕೆ ಬರುವಷ್ಟರಲ್ಲಿ ನೀರಾಗಿರುತ್ತದೆ. ‘ಸಿಆರ್‌ಎಚ್ ಪರೀಕ್ಷೆ’ ಎಂದರೆ ಅದನ್ನು ಅಳೆಯುವುದಲ್ಲ, ಸಾಮಾನ್ಯವಾಗಿ 100 ಮೈಕ್ರೊಗ್ರಾಂ ಚುಚ್ಚಿ ಎಸಿಟಿಎಚ್, ಕಾರ್ಟಿಸಾಲ್ ಎಷ್ಟು ಏರಿತೆಂದು ನೋಡುವುದು. ‘ಸಿಆರ್‌ಎಚ್ ಕೊಟ್ಟು ನೋಡುವ ಪರೀಕ್ಷೆ’ ಎಂದರೆ ಗೊಂದಲವಿಲ್ಲ.

ಹಾಗೆಯೇ ಎಸಿಟಿಎಚ್‌ನ ಮೊದಲ 24 ಅಮೈನೊ ಆಮ್ಲಗಳಷ್ಟೇ ಇರುವ ಕೃತಕ ರೂಪವನ್ನು 250 ಮೈಕ್ರೊಗ್ರಾಂ ಚುಚ್ಚಿ, 30 ಮತ್ತು 60 ನಿಮಿಷಕ್ಕೆ ಕಾರ್ಟಿಸಾಲ್ ನೋಡುತ್ತಾರೆ. ಇಲ್ಲಿ ಲಿಪಿಯ ಒಂದು ಅಪಾಯ. ಕನ್ನಡದಲ್ಲಿ ‘ಮಿ.ಗ್ರಾಂ.’ ಮತ್ತು ‘ಮೈ.ಗ್ರಾಂ.’ ಎಂದು ಚುಟುಕಾಗಿಸಿದರೆ ಎರಡಕ್ಕೂ ಇರುವ ಅಂತರ ಒಂದು ಸ್ವರಚಿಹ್ನೆ, ಆದರೆ ಪ್ರಮಾಣದಲ್ಲಿ 1000 ಪಟ್ಟು. ಮೈಕ್ರೊಗ್ರಾಂ ಎಂಬುದನ್ನು ಎಂದೂ ಮೊಟಕು ಮಾಡಬೇಡಿ.

ಕಾಯಿಲೆಗಳ ಹೆಸರಿನಲ್ಲಿ ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಕುಶಿಂಗ್ ಸಿಂಡ್ರೋಮ್ ಬೇರೆ, ಕುಶಿಂಗ್ ಕಾಯಿಲೆ ಬೇರೆ. ಯಾವುದೇ ಕಾರಣದಿಂದ ಕಾರ್ಟಿಸಾಲ್ ಹೆಚ್ಚಾಗಿ ಮುಖ ದುಂಡಗಾಗುವುದು, ಚರ್ಮ ತೆಳುವಾಗುವುದು, ಹೊಟ್ಟೆಯ ಮೇಲೆ ನೇರಳೆ ಪಟ್ಟೆ ಮೂಡುವುದು ಇವೆಲ್ಲ ಸಿಂಡ್ರೋಮ್; ಸ್ಟೀರಾಯ್ಡ್ ಮಾತ್ರೆಯಿಂದಲೂ ಬರುತ್ತದೆ. ಪಿಟ್ಯುಟರಿಯ ಗೆಡ್ಡೆ ಎಸಿಟಿಎಚ್ ಅನ್ನು ಅತಿಯಾಗಿ ಸುರಿಸುವುದರಿಂದ ಬಂದದ್ದು ಮಾತ್ರ ಕುಶಿಂಗ್ ಕಾಯಿಲೆ. ಎರಡನ್ನೂ ‘ಕಾಯಿಲೆ’ ಎಂದು ಅನುವಾದಿಸಿದರೆ, ಮೂಗಿನ ಮೂಲಕ ಪಿಟ್ಯುಟರಿಗೆ ಮಾಡುವ ಶಸ್ತ್ರಚಿಕಿತ್ಸೆ ಯಾರಿಗೆ, ಹೊಟ್ಟೆಯಲ್ಲಿ ಅಡ್ರಿನಲ್ ಗೆಡ್ಡೆ ತೆಗೆಯುವುದು ಯಾರಿಗೆ ಎಂಬುದು ಕಲಸಿಹೋಗುತ್ತದೆ. ಎಸಿಟಿಎಚ್ ಅಂಕಿ ಇಲ್ಲಿ ದಾರಿ ತೋರಿಸುತ್ತದೆ: ಅಡ್ರಿನಲ್ ಗೆಡ್ಡೆಯಾದರೆ ಅದು ತಳಕಚ್ಚಿರುತ್ತದೆ, ಪಿಟ್ಯುಟರಿಯದಾದರೆ ಇಳಿದಿರುವುದಿಲ್ಲ.

ಅಡಿಸನ್ ಕಾಯಿಲೆಯಲ್ಲಿ ಅಡ್ರಿನಲ್ ಹೊರಪದರವೇ ಹಾಳಾಗಿ ಕಾರ್ಟಿಸಾಲ್ ಇಲ್ಲದಿರುವುದರಿಂದ ಎಸಿಟಿಎಚ್ ಏರುತ್ತಲೇ ಹೋಗುತ್ತದೆ. ಎಸಿಟಿಎಚ್‌ನ ಮೊದಲ 13 ಅಮೈನೊ ಆಮ್ಲಗಳು ಚರ್ಮಕ್ಕೆ ಬಣ್ಣ ಕೊಡುವ ಇನ್ನೊಂದು ಹಾರ್ಮೋನಿನವೇ. ಅದಕ್ಕಾಗಿಯೇ ಅಂಗೈ ಗೆರೆ, ವಸಡು, ಹಳೆಯ ಗಾಯದ ಗುರುತು ಕಪ್ಪಾಗುತ್ತವೆ. ಪಿಟ್ಯುಟರಿ ಸೋತು ಕಾರ್ಟಿಸಾಲ್ ಇಳಿದವರಲ್ಲಿ ಈ ಕಪ್ಪು ಬರುವುದಿಲ್ಲ. ‘ಚರ್ಮ ಕಪ್ಪಾಗುವುದು’ ಎಂದಷ್ಟೇ ಬರೆಯದೆ ಈ ಜಾಗಗಳನ್ನು ಹೆಸರಿಸಿ. ಬಿಸಿಲಿಗೆ ಕಪ್ಪಾದದ್ದಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಅಲ್ಲೇ.

ಖಿನ್ನತೆಯ ಅಧ್ಯಾಯದಲ್ಲಿ ಕ್ರಿಯಾಪದದ ಮೇಲೆ ಕಣ್ಣಿಡಿ. ತೀವ್ರ ಖಿನ್ನತೆ ಇರುವ ಕೆಲವರ ಮಿದುಳುಬಳ್ಳಿಯ ದ್ರವದಲ್ಲಿ ಸಿಆರ್‌ಎಚ್ ಹೆಚ್ಚಿರುವುದು ಕಂಡಿದೆ. ಆದರೆ ಅದರ ಒಂದನೇ ಬಗೆಯ ಗ್ರಾಹಿಯನ್ನು (ರಿಸೆಪ್ಟರ್, ಅಂದರೆ ಕೋಶದ ಮೇಲೆ ಹಾರ್ಮೋನು ಬಂದು ಕೂರುವ ಜಾಗ) ತಡೆಯುವ ಮದ್ದುಗಳು ಖಿನ್ನತೆಯ ಪ್ರಯೋಗಗಳಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. ‘ಖಿನ್ನತೆಗೆ ಸಿಆರ್‌ಎಚ್ ಕಾರಣ’ ಎನ್ನುವಂತಿಲ್ಲ. ‘ಕೆಲವರಲ್ಲಿ ಹೆಚ್ಚಿರುತ್ತದೆ’ ಎನ್ನಬಹುದು. ಅದೇ ಬಗೆಯ ಒಂದು ಮದ್ದು, ಕ್ರಿನೆಸರ್ಫಾಂಟ್, ಹುಟ್ಟಿನಿಂದಲೇ ಕಾರ್ಟಿಸಾಲ್ ತಯಾರಾಗದ ಒಂದು ಅಡ್ರಿನಲ್ ಕಾಯಿಲೆಗೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು: ಎಸಿಟಿಎಚ್ ತಗ್ಗುತ್ತದೆ, ಅದರಿಂದ ಉಕ್ಕುತ್ತಿದ್ದ ಗಂಡು ಹಾರ್ಮೋನುಗಳೂ ತಗ್ಗುತ್ತವೆ, ಸ್ಟೀರಾಯ್ಡ್ ಕಡಿಮೆ ಸಾಕಾಗುತ್ತದೆ. ಅಂದಹಾಗೆ ‘ಗ್ರಾಹಿ’ ಎಂದೇ ಬರೆಯಿರಿ. ‘ಗ್ರಾಹಕ’ ಎಂದರೆ ಅಂಗಡಿಗೆ ಬಂದವರು ನೆನಪಾಗುತ್ತಾರೆ.

ಇನ್ನೊಬ್ಬರ ಉತ್ತರ

ಮೇಲಿನ ಉತ್ತರವನ್ನು ಒಪ್ಪುತ್ತಲೇ, ಬಿಟ್ಟುಹೋದ ‘ಚೋದಕ’ದ ಬಗ್ಗೆ ಭಾಷೆಯ ಕಡೆಯಿಂದ ಒಂದೆರಡು ಮಾತು.

ಇಂಗ್ಲೆಂಡಿನ ಶರೀರವಿಜ್ಞಾನಿ ಸ್ಟಾರ್ಲಿಂಗ್ 1905ರಲ್ಲಿ ‘ಹಾರ್ಮೋನ್’ ಎಂಬ ಪದವನ್ನು ಬಳಕೆಗೆ ತಂದಾಗ ಹಿಡಿದದ್ದು ‘ಚಲನೆಗೆ ಹಚ್ಚು, ಕೆರಳಿಸು’ ಎಂಬ ಗ್ರೀಕ್ ಧಾತುವನ್ನು. ಸಂಸ್ಕೃತದ ‘ಚುದ್’ ಧಾತುವಿನ ಅರ್ಥವೂ ಮುಂದಕ್ಕೆ ತಳ್ಳು, ಪ್ರೇರಿಸು ಎಂದೇ. ಗಾಯತ್ರಿಯ ‘ಪ್ರಚೋದಯಾತ್’ನಲ್ಲಿ ಇರುವುದು ಅದೇ. ಹಾಗಾಗಿ ಬಿಡಿಪದವಾಗಿ ‘ಚೋದಕ’ಕ್ಕಿಂತ ಹೊಂದುವ ಅನುವಾದ ಸಿಗದು, ಅದನ್ನು ಕಟ್ಟಿದವರಿಗೆ ಎರಡೂ ಭಾಷೆಯ ಒಳಗು ತಿಳಿದಿತ್ತು.

ಕಷ್ಟ ಬರುವುದು ಸಮಾಸದಲ್ಲಿ. ಥೈರಾಯ್ಡ್ ಅನ್ನು ಉತ್ತೇಜಿಸುವ ಹಾರ್ಮೋನನ್ನು ‘ಥೈರಾಯ್ಡ್ ಪ್ರಚೋದಕ ಚೋದಕ’ ಎನ್ನಬೇಕಾಗುತ್ತದೆ. ಸಿಆರ್‌ಎಚ್ ‘ಚೋದಕದ ಚೋದಕದ ಚೋದಕ’ವಾಗುತ್ತದೆ. ಬೇರೆ ಹಾರ್ಮೋನುಗಳನ್ನು ತಡೆಯುವುದೇ ಕೆಲಸವಾಗಿರುವ ಸೊಮ್ಯಾಟೊಸ್ಟ್ಯಾಟಿನ್‌ನಂಥದ್ದು ‘ತಡೆಯುವ ಚೋದಕ’ ಆದರೆ ಪದ ತನ್ನನ್ನೇ ಅಲ್ಲಗಳೆದಂತೆ. ಹಾಗಾಗಿ ಕೈಪಿಡಿಯಲ್ಲಿ ‘ಹಾರ್ಮೋನು’ ಇರಲಿ. ಮೊದಲ ಪುಟದಲ್ಲಿ ಆ ಪದಕ್ಕೆ ಅರ್ಥ ಹೇಳುವಾಗ ‘ಚೋದಕ’ವನ್ನು ತನ್ನಿ. ಪದ ಉಳಿಯಬೇಕು, ಆದರೆ ಓದುಗನ ದಾರಿಗೆ ಅಡ್ಡ ಬಂದು ಉಳಿಯಬಾರದು.

‘ಹಾರ್ಮೋನ್’ಗಿಂತ ‘ಹಾರ್ಮೋನು’ ಎಂದು ಉಕಾರಾಂತ ಮಾಡುವುದು ವಾಸಿ. ‘ಹಾರ್ಮೋನನ್ನು, ಹಾರ್ಮೋನಿನಿಂದ’ ಎಂದು ವಿಭಕ್ತಿ ಸಲೀಸಾಗಿ ಹತ್ತುತ್ತದೆ. ಎಸಿಟಿಎಚ್‌ಗೆ ಆ ಸೌಲಭ್ಯವಿಲ್ಲ. ‘ಎಸಿಟಿಎಚ್ ಅನ್ನು’ ಎಂದು ಜಾಗ ಬಿಟ್ಟು ಬರೆಯುವುದು ನೋಡಲು ಅಷ್ಟು ಚೆನ್ನಾಗಿಲ್ಲವಾದರೂ, ‘ಹುಲಿ ಕೊಂದ ಹುಡುಗ’ನ ಪಾಡು ಬರದಂತೆ ಅದನ್ನು ಸಹಿಸಿಕೊಳ್ಳಲೇಬೇಕು.

ಒಂದು ಪ್ರಶ್ನೆ ನನ್ನಿಂದ. ಕರಡಿನಲ್ಲಿ ಗರ್ಭಿಣಿಯರ ಭಾಗವೂ ಇದ್ದರೆ ಅಲ್ಲಿ ‘ತಡೆಯುವ ಹಿಮ್ಮಾಹಿತಿ’ ಎಂಬ ಹೆಸರು ಸಲ್ಲುತ್ತದೆಯೇ? ಜರಾಯುವೂ ಸಿಆರ್‌ಎಚ್ ತಯಾರಿಸುತ್ತದಲ್ಲ?

ಮೊದಲ ಉತ್ತರದವರಿಂದ

ಸಲ್ಲುವುದಿಲ್ಲ, ನೀವು ಕೇಳಿದ್ದು ಒಳ್ಳೆಯದಾಯಿತು. ಜರಾಯು, ಅಂದರೆ ಮಾಸು, ಸಿಆರ್‌ಎಚ್ ಅನ್ನು ತಾಯಿಯ ರಕ್ತಕ್ಕೆ ಸುರಿಸುತ್ತದೆ. ತಿಂಗಳು ತುಂಬುತ್ತಾ ಬಂದ ಹಾಗೆ ಅದು ಬಹಳ ವೇಗವಾಗಿ ಏರುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನು ತಾಯಿಯ ರಕ್ತದಲ್ಲಿ ಇರುವುದರಿಂದ ಎಸಿಟಿಎಚ್ ಅಷ್ಟೇನೂ ಉಕ್ಕುವುದಿಲ್ಲ. ಕೊನೆಯ ವಾರಗಳಲ್ಲಿ ಆ ಪ್ರೋಟೀನು ಇಳಿದು ಬಿಡಿ ಸಿಆರ್‌ಎಚ್ ಹೆಚ್ಚುತ್ತದೆ. ಹೆರಿಗೆಯ ಹೊತ್ತನ್ನು ಗೊತ್ತುಮಾಡುವುದರಲ್ಲಿ ಇದಕ್ಕೆ ಪಾಲಿದೆ ಎಂಬ ವಿಚಾರವನ್ನು 1995ರ ಒಂದು ಅಧ್ಯಯನ ಮುಂದಿಟ್ಟಿತು; ಅದಕ್ಕೆ ‘ಜರಾಯು ಗಡಿಯಾರ’ ಎಂಬ ಹೆಸರೂ ಬಂತು. ಆದರೆ ಹೆರಿಗೆ ದಿನವನ್ನು ಮೊದಲೇ ಹೇಳುವ ರಕ್ತಪರೀಕ್ಷೆಯಾಗಿ ಇದು ಬಳಕೆಯಲ್ಲಿಲ್ಲ, ಹಾಗೆ ಅರ್ಥ ಬರುವಂತೆ ಬರೆಯಬಾರದು.

ಮುಖ್ಯ ವಿಷಯ ಇದು: ಹೈಪೊಥಲಾಮಸ್‌ನಲ್ಲಿ ಸಿಆರ್‌ಎಚ್ ಅನ್ನು ತಡೆಯುವ ಅದೇ ಕಾರ್ಟಿಸಾಲ್, ಜರಾಯುವಿನಲ್ಲಿ ಅದನ್ನು ಹೆಚ್ಚಿಸುತ್ತದೆ. ಅಲ್ಲಿ ‘ಏರಿಸುವ ಹಿಮ್ಮಾಹಿತಿ’ ಎನ್ನಿ. ಹೀಗೆ ‘ತಡೆಯುವ’, ‘ಏರಿಸುವ’ ಎಂದು ಜೋಡಿಯಾಗಿ ಇಟ್ಟುಕೊಂಡರೆ ಋಣ, ಧನ, ನಕಾರ, ಸಕಾರಗಳ ಹಂಗೇ ಬೇಕಿಲ್ಲ.

ಮೂಲ ವಾಕ್ಯವನ್ನು ಹೀಗೆ ತಿದ್ದಬಹುದು:

“ಮೈಗಾಗಲಿ ಮನಸ್ಸಿಗಾಗಲಿ ಒತ್ತಡ ಬಿದ್ದಾಗ ಮೆದುಳಿನ ಹೈಪೊಥಲಾಮಸ್ ಎಂಬ ಭಾಗ ಸಿಆರ್‌ಎಚ್ ಅನ್ನು ಸ್ರವಿಸುತ್ತದೆ. ಸಿಆರ್‌ಎಚ್ ಎಂದರೆ ಎಸಿಟಿಎಚ್ ಅನ್ನು ಹೊರಡಿಸುವ ಹಾರ್ಮೋನು. ಅದು ಪಿಟ್ಯುಟರಿಗೆ ತಲುಪಿದಾಗ ಪಿಟ್ಯುಟರಿ ಎಸಿಟಿಎಚ್ ಅನ್ನು ರಕ್ತಕ್ಕೆ ಬಿಡುತ್ತದೆ. ಎಸಿಟಿಎಚ್ ತಲುಪಿದಾಗ ಅಡ್ರಿನಲ್ ಗ್ರಂಥಿಗಳ ಹೊರಪದರ ಕಾರ್ಟಿಸಾಲ್ ಅನ್ನು ಕೊಡುತ್ತದೆ. ಕಾರ್ಟಿಸಾಲ್ ಸಾಕಷ್ಟಾದ ಮೇಲೆ ಅದೇ ಸಿಆರ್‌ಎಚ್ ಮತ್ತು ಎಸಿಟಿಎಚ್ ಎರಡನ್ನೂ ತಗ್ಗಿಸುತ್ತದೆ. ಇದಕ್ಕೆ ತಡೆಯುವ ಹಿಮ್ಮಾಹಿತಿ ಎನ್ನುತ್ತಾರೆ.”

ಒಂದಿದ್ದ ವಾಕ್ಯ ಆರಾಯಿತು, ಇರಲಿ. ಜೊತೆಗೆ ಚಿತ್ರವಿದ್ದರೆ ಬಾಣದ ಗುರುತುಗಳ ಮೇಲೆ ‘ಬಿಡುಗಡೆ’ ಎಂದು ಬರೆಸದೆ, ಪ್ರತಿ ಬಾಣದ ಮೇಲೂ ಆ ದಾರಿಯಲ್ಲಿ ಸಾಗುವ ವಸ್ತುವಿನ ಹೆಸರನ್ನೇ ಬರೆಸಿ.